ಪಿತ್ತಕೋಶದ ಶಸ್ತ್ರಕ್ರಿಯೆಯೂ ನೋವಿನ ಲೆಕ್ಕವೂ

ಶಸ್ತ್ರಕ್ರಿಯೆ ಎಂದ ಮೇಲೆ ನೋವು ಇದ್ದದ್ದೇ, ಹಲ್ಲು ಕಚ್ಚಿ ಸಹಿಸಬೇಕು ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಹೇಳುವವರು ಹೆಚ್ಚಾಗಿ ಹಿರಿಯರು. ಒಂದು ಕಾಲದಲ್ಲಿ ನಿಜವಾಗಿಯೂ ಸಹಿಸಿದವರು. ಅವರ ಧೈರ್ಯಕ್ಕೆ ಕೈಮುಗಿಯೋಣ. ಆದರೆ ಆ ಮಾತು ಇಂದಿನ ಕಾಲಕ್ಕೆ ಸಲ್ಲದು. ಶಸ್ತ್ರಕ್ರಿಯೆಯ ನಂತರದ ನೋವನ್ನು ಬಹುಮಟ್ಟಿಗೆ ತಗ್ಗಿಸುವ ದಾರಿಗಳು ಈಗ ಒಂದಲ್ಲ, ಹಲವಿವೆ. ಪಿತ್ತಕೋಶ ತೆಗೆಸಿಕೊಳ್ಳುವವರ ಮಟ್ಟಿಗಂತೂ ದಾರಿಗಳು ಎಷ್ಟಾಗಿವೆಯೆಂದರೆ, ಅವುಗಳಲ್ಲಿ ಯಾವುದು ಮೇಲು ಎಂಬುದೇ ವೈದ್ಯರೊಳಗೆ ಒಂದು ಚರ್ಚೆಯಾಗಿದೆ. ಆ ಚರ್ಚೆ ವೈದ್ಯರಿಗೆ ಮಾತ್ರ ಸೇರಿದ್ದಲ್ಲ. ಮಂಚದ ಮೇಲೆ ಮಲಗುವವರಿಗೂ ಸೇರಿದ್ದು. ಗಡಿನಾಡಿನ ಕನ್ನಡಿಗರಿಗೆ ಅದರಲ್ಲಿ ಇನ್ನೂ ಒಂದು ವಿಶೇಷವಾದ ಪಾಲಿದೆ ಎಂಬುದನ್ನು ಇಲ್ಲಿ ಹೇಳಬೇಕಾಗಿದೆ.

ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದು ಸಾಮಾನ್ಯ ಕಾಯಿಲೆ. ಕಲ್ಲು ತೊಂದರೆ ಕೊಡತೊಡಗಿದರೆ ಕೋಶವನ್ನೇ ತೆಗೆಯುವುದು ಈಗಿನ ಕ್ರಮ. ಜರ್ಮನಿಯ ಕಾರ್ಲ್ ಲಾಂಗೆನ್‌ಬುಕ್ 1882ರ ಜುಲೈ 15ರಂದು ಬರ್ಲಿನ್ನಿನಲ್ಲಿ ಮೊದಲ ಬಾರಿಗೆ ಹೊಟ್ಟೆ ಕೊಯ್ದು ಪಿತ್ತಕೋಶವನ್ನು ತೆಗೆದ. ಮುಂದಿನ ನೂರು ವರ್ಷ ಅದೇ ದಾರಿ. ಬಲಪಕ್ಕೆಲುಬಿನ ಕೆಳಗೆ ಗೇಣುದ್ದದ ಗಾಯ. ಉಸಿರೆಳೆದರೂ ಕೆಮ್ಮಿದರೂ ನೋವು. 1985ರ ಸೆಪ್ಟೆಂಬರ್ 12ರಂದು ಜರ್ಮನಿಯ ಬೋಬ್ಲಿಂಗೆನ್ ಎಂಬಲ್ಲಿ ಎರಿಕ್ ಮ್ಯೂಹೆ ಸಣ್ಣ ತೂತುಗಳ ಮೂಲಕ ದುರ್ಬೀನು ಹಾಕಿ ಅದೇ ಕೆಲಸವನ್ನು ಮಾಡಿ ತೋರಿಸಿದ. ಭಾರತದಲ್ಲಿ ಡಾ. ಟೆಹೆಮ್ಟನ್ ಉಡ್ವಾಡಿಯಾ ಅವರು 1990ರಲ್ಲಿ ಮುಂಬಯಿಯಲ್ಲಿ ಇದನ್ನು ಆರಂಭಿಸಿದರು. ಇಂದು ನಮ್ಮ ಜನ 'ಕೀಹೋಲ್ ಆಪರೇಶನ್' ಎನ್ನುವುದು ಇದನ್ನೇ. ಸಾಧಾರಣವಾಗಿ ನಾಲ್ಕು ತೂತು, ಒಂದೆರಡು ದಿನ ಆಸ್ಪತ್ರೆ, ಮತ್ತೆ ಮನೆ.

ತೂತು ಸಣ್ಣದಾಯಿತೆಂದು ನೋವು ಇಲ್ಲವೇ ಇಲ್ಲ ಎಂದಾಗಲಿಲ್ಲ. ಮೊದಲ ದಿನದ ನೋವು ಕೆಲವರಲ್ಲಿ ಸಾಕಷ್ಟು ಜೋರಾಗಿಯೇ ಇರುತ್ತದೆ. ನೋವಿದ್ದವನು ದೀರ್ಘವಾಗಿ ಉಸಿರೆಳೆಯುವುದಿಲ್ಲ, ಕಫ ಕಟ್ಟುತ್ತದೆ. ಎದ್ದು ನಡೆಯುವುದಿಲ್ಲ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ನಿದ್ರೆ ಇಲ್ಲ, ಊಟ ಸೇರುವುದಿಲ್ಲ. ಆದುದರಿಂದ ನೋವು ತಗ್ಗಿಸುವುದು ಕೇವಲ ಸುಖದ ಮಾತಲ್ಲ. ಚಿಕಿತ್ಸೆಯ ಒಂದು ಭಾಗ.

ನೋವು ಒಂದಲ್ಲ, ಮೂರು

ಯಾವ ಉಪಾಯ ಮೇಲು ಎಂದು ತೂಗುವ ಮೊದಲು ನೋವು ಎಲ್ಲಿಂದ ಬರುತ್ತದೆ ಎಂದು ತಿಳಿದಿರಬೇಕು. ಪಿತ್ತಕೋಶದ ಕೀಹೋಲ್ ಶಸ್ತ್ರಕ್ರಿಯೆಯ ನಂತರ ಮೂರು ಬಗೆಯ ನೋವುಗಳು ಒಟ್ಟಿಗೆ ಇರುತ್ತವೆ.

ಮೊದಲನೆಯದು ತೂತುಗಳ ನೋವು. ಇದು ಚರ್ಮ ಮತ್ತು ಹೊಟ್ಟೆಯ ಸ್ನಾಯುಗಳ ನೋವು, ಬೆರಳಿಟ್ಟು ತೋರಿಸಬಹುದು, ಕೊಯ್ದ ಹಾಗೆ, ಚುಚ್ಚಿದ ಹಾಗೆ ಇರುತ್ತದೆ. ಎರಡನೆಯದು ಒಳಗಿನ ನೋವು. ಪಿತ್ತಕೋಶವನ್ನು ಯಕೃತ್ತಿನಿಂದ ಬಿಡಿಸಿ ತೆಗೆದ ಜಾಗದ್ದು. ಬೆರಳಿಟ್ಟು ತೋರಿಸಲಾಗದು, ಹಿಂಡಿದ ಹಾಗೆ, ಅದುಮಿದ ಹಾಗೆ ಎನ್ನುತ್ತೇವೆ. ಮೂರನೆಯದು ಹೆಗಲಿನ ನೋವು. ಹೊಟ್ಟೆ ಕೊಯ್ದರೆ ಹೆಗಲೇಕೆ ನೋಯಬೇಕು ಎಂದು ಜನ ಬೆರಗಾಗುತ್ತಾರೆ. ದುರ್ಬೀನಿಗೆ ಜಾಗವಾಗಲೆಂದು ಹೊಟ್ಟೆಯೊಳಗೆ ಇಂಗಾಲದ ಡೈ ಆಕ್ಸೈಡ್ ಅನಿಲವನ್ನು ತುಂಬುತ್ತಾರೆ. ಸಾಮಾನ್ಯವಾಗಿ ಅದರ ಒತ್ತಡ ಪಾದರಸದ 12ರಿಂದ 15 ಮಿಲಿಮೀಟರ್. ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆ ಎಂಬ ತೆಳು ಸ್ನಾಯು ಅದರಿಂದ ಎಳೆದು ಕೆರಳುತ್ತದೆ. ವಪೆಯ ನರವು ಕುತ್ತಿಗೆಯಿಂದ ಇಳಿದು ಬರುವಂಥದು. ಹೆಗಲಿನ ಚರ್ಮದ ನರಗಳೂ ಅಲ್ಲಿಂದಲೇ ಹೊರಡುತ್ತವೆ. ಮಿದುಳಿಗೆ ಎರಡರ ಸುದ್ದಿಯೂ ಒಂದೇ ದಾರಿಯಲ್ಲಿ ಮುಟ್ಟುವುದರಿಂದ ವಪೆಯ ನೋವು ಹೆಗಲಿನ ನೋವಾಗಿ ತೋರುತ್ತದೆ.

ಇಷ್ಟು ತಿಳಿದರೆ ಮುಂದಿನದು ಸುಲಭ. ಯಾವುದೇ ಒಂದು ಚುಚ್ಚುಮದ್ದು ಈ ಮೂರನ್ನೂ ನಿಲ್ಲಿಸಲಾರದು. ಯಾವುದು ಯಾವುದನ್ನು ನಿಲ್ಲಿಸುತ್ತದೆ ಎಂಬುದೇ ಹೋಲಿಕೆಯ ತಿರುಳು.

ಎಲ್ಲಿ ತಂತಿ ಕಡಿಯುವುದು?

ವಿದ್ಯುತ್ತಿನ ಉದಾಹರಣೆ ಕೊಡಬಹುದು. ಒಂದು ಕೋಣೆಯ ದೀಪ ಆರಿಸಬೇಕಾದರೆ ಕೋಣೆಯ ಸ್ವಿಚ್ಚನ್ನು ಒತ್ತಬಹುದು. ಮನೆಯ ಫ್ಯೂಸನ್ನು ತೆಗೆಯಬಹುದು. ಹೊರಗಿನ ಕಂಬದಲ್ಲಿಯೇ ತಂತಿ ಬಿಡಿಸಬಹುದು. ದೂರ ಹೋದಷ್ಟೂ ಹೆಚ್ಚು ದೀಪ ಆರುತ್ತವೆ, ತೊಡಕೂ ಹೆಚ್ಚುತ್ತದೆ. ನರಗಳ ವಿಷಯವೂ ಹಾಗೆಯೇ.

ಕೋಣೆಯ ಸ್ವಿಚ್ಚಿನ ಹಾಗೆ ಇರುವುದು ತೂತಿನ ಜಾಗಕ್ಕೇ ಮರಗಟ್ಟಿಸುವ ಔಷಧ ಚುಚ್ಚುವುದು. ಶಸ್ತ್ರಕ್ರಿಯೆ ಮಾಡುವ ವೈದ್ಯರೇ ಒಂದೆರಡು ನಿಮಿಷದಲ್ಲಿ ಮಾಡುತ್ತಾರೆ. ಯಂತ್ರ ಬೇಡ, ಬೇರೆ ತಜ್ಞರು ಬೇಡ, ಖರ್ಚೂ ಅಲ್ಪ. ತೂತಿನ ನೋವಿಗೆ ಕೆಲವು ಗಂಟೆಗಳ ಮಟ್ಟಿಗೆ ಒಳ್ಳೆಯ ಆಸರೆ.

ಮನೆಯ ಫ್ಯೂಸಿನ ಹಾಗೆ ಇರುವುವು ಹೊಟ್ಟೆಯ ಗೋಡೆಯ ಬ್ಲಾಕ್‌ಗಳು. ಹೊಟ್ಟೆಯ ಪಕ್ಕದಲ್ಲಿ ಮೂರು ಪದರ ಸ್ನಾಯುಗಳಿವೆ. ಒಳಗಿನ ಎರಡು ಪದರಗಳ ನಡುವೆ ನರಗಳು ಹಾದುಹೋಗುತ್ತವೆ. ಆ ಸಂದಿಗೆ ಔಷಧ ತುಂಬುವುದು ಟ್ಯಾಪ್ ಬ್ಲಾಕ್. 2001ರಲ್ಲಿ ರಾಫಿ ಎಂಬ ವೈದ್ಯರು ಇದನ್ನು ವರ್ಣಿಸಿದರು. ಅಲ್ಟ್ರಾಸೌಂಡ್ ಯಂತ್ರದಲ್ಲಿ ಸೂಜಿಯ ತುದಿಯನ್ನು ಕಣ್ಣಾರೆ ನೋಡಿಕೊಂಡು ಮಾಡುವ ಕ್ರಮ ಬಂದ ಮೇಲೆ ಇದು ಬಹಳ ಹಬ್ಬಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸೊಂಟದ ಪಕ್ಕದಲ್ಲಿ ಕೊಡುವ ಟ್ಯಾಪ್ ಬ್ಲಾಕ್ ಮುಖ್ಯವಾಗಿ ಹೊಕ್ಕುಳ ಮತ್ತು ಅದರಿಂದ ಕೆಳಗಿನ ಭಾಗಕ್ಕೆ ಸಲ್ಲುವಂಥದು. ಪಿತ್ತಕೋಶದ ತೂತುಗಳಾದರೋ ಹೊಕ್ಕುಳಲ್ಲಿ ಮತ್ತು ಅದರಿಂದ ಮೇಲೆ. ಆದುದರಿಂದ ಪಕ್ಕೆಲುಬಿನ ಅಂಚಿನ ಕೆಳಗೆ ಕೊಡುವ ಟ್ಯಾಪ್ ಬ್ಲಾಕೇ ಇಲ್ಲಿಗೆ ಹೊಂದುವುದು. ಹೊಟ್ಟೆಯ ನಡುವಿನ ಉದ್ದ ಸ್ನಾಯುವಿನ ಹಿಂದೆ ಕೊಡುವ ರೆಕ್ಟಸ್ ಶೀತ್ ಬ್ಲಾಕ್ ಎಂಬುದೂ ಒಂದಿದೆ. ಅದು ನಡುವಿನ ತೂತುಗಳಿಗೆ ಸಾಕು; ಬಲಪಕ್ಕದ ತೂತುಗಳನ್ನು ಮುಟ್ಟುವುದಿಲ್ಲ. ಈ ಯಾವ ಬ್ಲಾಕೂ ಒಳಗಿನ ನೋವನ್ನು ಮುಟ್ಟಲಾರದು. ಗೋಡೆಯ ನರವೇ ಬೇರೆ, ಒಳಗಿನ ನರವೇ ಬೇರೆ.

ಕಂಬದಲ್ಲಿ ತಂತಿ ಬಿಡಿಸುವ ಹಾಗೆ ಇರುವುವು ಬೆನ್ನಿನ ಕಡೆಯಿಂದ ಕೊಡುವ ಬ್ಲಾಕ್‌ಗಳು. ಬೆನ್ನೆಲುಬಿನ ಪಕ್ಕದಲ್ಲಿ ನರ ಹೊರಬರುವ ಜಾಗಕ್ಕೇ ಔಷಧ ಕೊಡುವ ಪ್ಯಾರಾವರ್ಟಿಬ್ರಲ್ ಬ್ಲಾಕ್ ಹಳೆಯದು. 1905ರಷ್ಟು ಹಿಂದೆಯೇ ಜರ್ಮನಿಯಲ್ಲಿ ಸೆಲ್‌ಹೈಮ್ ಇದನ್ನು ಮಾಡಿದ್ದ. ಬಲವಾದ ಬ್ಲಾಕ್, ಆದರೆ ಸೂಜಿ ತುಸು ಮುಂದೆ ಹೋದರೆ ಶ್ವಾಸಕೋಶದ ಪೊರೆಗೆ ತಾಗೀತು ಎಂಬ ಭಯವಿದೆ. 2016ರಲ್ಲಿ ಫೊರೇರೊ ಮತ್ತು ಸಂಗಡಿಗರು ಪ್ರಕಟಿಸಿದ ಇರೆಕ್ಟರ್ ಸ್ಪೈನೇ ಬ್ಲಾಕ್ ಈಗ ಎಲ್ಲರ ಬಾಯಲ್ಲಿದೆ. ಬೆನ್ನಿನ ಸ್ನಾಯುವಿಗೂ ಅದರಡಿಯ ಎಲುಬಿನ ಚಾಚಿಗೂ ನಡುವೆ ಔಷಧ ಕೊಡುತ್ತಾರೆ. ಎಲುಬೇ ಸೂಜಿಗೆ ಅಡ್ಡ ನಿಲ್ಲುವುದರಿಂದ ಇದು ಹೆಚ್ಚು ನಿರಪಾಯ. ಔಷಧ ಒಳಕ್ಕೆ ಹರಿದರೆ ಗೋಡೆಯ ನೋವಿನ ಜೊತೆಗೆ ಒಳಗಿನ ನೋವೂ ತಗ್ಗಬಹುದು ಎಂಬುದು ಇದರ ಆಕರ್ಷಣೆ. ಆದರೆ ಹರಿಯುವುದು ಎಲ್ಲರಲ್ಲೂ ಒಂದೇ ತೆರನಾಗಿಲ್ಲ. ಒಬ್ಬರಿಗೆ ಚೆನ್ನಾಗಿ ಹಿಡಿದದ್ದು ಇನ್ನೊಬ್ಬರಿಗೆ ಅರೆಬರೆ ಹಿಡಿಯುತ್ತದೆ. ಸೊಂಟದ ಹಿಂಬದಿಯಲ್ಲಿ ಕೊಡುವ ಕ್ವಾಡ್ರೇಟಸ್ ಬ್ಲಾಕ್ 2007ರಿಂದ ಬಳಕೆಗೆ ಬಂದದ್ದು. ಅದು ಆಳದ ಬ್ಲಾಕ್, ಕೆಲವೊಮ್ಮೆ ಕೆಲಹೊತ್ತು ಕಾಲಿನ ಬಲ ಕುಗ್ಗುವುದುಂಟು.

ಹೆಗಲಿನ ನೋವಿಗೆ? ಮೇಲೆ ಹೇಳಿದ ಯಾವ ಬ್ಲಾಕೂ ಅದಕ್ಕೆ ಸಲ್ಲುವುದಿಲ್ಲ, ಏಕೆಂದರೆ ಅದರ ತಂತಿ ಕುತ್ತಿಗೆಯಿಂದ ಬಂದದ್ದು. ಅನಿಲದ ಒತ್ತಡವನ್ನು ತಗ್ಗಿಸಿ ಕೆಲಸ ಮಾಡುವುದು, ಕೊನೆಗೆ ಅನಿಲವನ್ನು ಪೂರ್ತಿ ಹೊರಬಿಡುವುದು ಇವೇ ಅದಕ್ಕೆ ಮದ್ದು. ಉಳಿದದ್ದು ಒಂದೆರಡು ದಿನಗಳಲ್ಲಿ ತಾನಾಗಿ ಇಳಿಯುತ್ತದೆ.

ತಕ್ಕಡಿ ಎತ್ತ ವಾಲುತ್ತದೆ?

ಹಾಗಾದರೆ ಯಾವುದು ಮೇಲು? ಇರೆಕ್ಟರ್ ಸ್ಪೈನೇ ಬ್ಲಾಕನ್ನು ಟ್ಯಾಪ್ ಬ್ಲಾಕಿನೊಡನೆ ಹೋಲಿಸಿದ ಪರೀಕ್ಷೆಗಳು ಹಲವು ನಡೆದಿವೆ, ಹೆಚ್ಚಿನವು ಸಣ್ಣವು. ಅನೇಕ ಪರೀಕ್ಷೆಗಳಲ್ಲಿ ಬೆನ್ನಿನ ಬ್ಲಾಕ್ ತುಸು ಮುಂದಿದೆ. ಮಾರ್ಫಿನ್ ಜಾತಿಯ ಮದ್ದು ಸ್ವಲ್ಪ ಕಡಿಮೆ ಸಾಕಾಗಿದೆ. ಆದರೆ ಅಂತರ ಸಣ್ಣದು, ಅದೂ ಮೊದಲ ಕೆಲವು ಗಂಟೆಗಳದ್ದು. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ನೋವು ಸುಮಾರು ಒಂದಂಕಿಯಾದರೂ ಇಳಿದರೆ ಮಾತ್ರ ರೋಗಿಗೆ ಅದು ಇಳಿದಂತೆ ಅನ್ನಿಸುತ್ತದೆ. ಕಾಗದದ ಮೇಲೆ ಅರ್ಧ ಅಂಕಿಯ ಗೆಲುವು ಮಂಚದ ಮೇಲೆ ಗೆಲುವಲ್ಲ.

ಒಂದೊಂದು ಶಸ್ತ್ರಕ್ರಿಯೆಯ ನೋವಿಗೂ ಬೇರೆಬೇರೆಯಾಗಿ ಸಲಹೆ ಸಿದ್ಧಪಡಿಸುವ ಪ್ರಾಸ್ಪೆಕ್ಟ್ ಎಂಬ ಯುರೋಪಿನ ತಜ್ಞರ ಕೂಟವೊಂದಿದೆ. ಪಿತ್ತಕೋಶದ ಕೀಹೋಲ್ ಶಸ್ತ್ರಕ್ರಿಯೆಯ ಬಗ್ಗೆ ಅದು 2018ರಲ್ಲಿ ಸಲಹೆ ಕೊಟ್ಟು, 2024ರಲ್ಲಿ ಹೊಸ ಪರೀಕ್ಷೆಗಳನ್ನು ನೋಡಿ ಅದನ್ನು ನವೀಕರಿಸಿತು. ಅದರ ತಾತ್ಪರ್ಯ ಸರಳವಾಗಿದೆ. ಎಲ್ಲರಿಗೂ ಮೊದಲು ಪ್ಯಾರಾಸಿಟಮಾಲ್, ಜೊತೆಗೆ ಬಾವು ಇಳಿಸುವ ಜಾತಿಯ ನೋವಿನ ಮದ್ದು, ತೂತುಗಳಿಗೆ ಮರಗಟ್ಟಿಸುವ ಚುಚ್ಚುಮದ್ದು. ಮಾರ್ಫಿನ್ ಜಾತಿಯವು ಇಷ್ಟಕ್ಕೂ ನಿಲ್ಲದ ನೋವಿಗೆ ಮಾತ್ರ. ಇರೆಕ್ಟರ್ ಸ್ಪೈನೇ ಅಥವಾ ಟ್ಯಾಪ್ ಬ್ಲಾಕು ನೋವು ಹೆಚ್ಚಾಗುವ ಸಂಭವವಿರುವವರಿಗೆ ಎರಡನೆಯ ಸಾಲಿನ ಉಪಾಯ.

ಇದು ನ್ಯಾಯವಾದ ತೀರ್ಪು. ಮೊದಲೇ ನೋವಿನ ಮದ್ದು ತಿಂದು ತಿಂದು ಒಗ್ಗಿಹೋದವರಿಗೆ, ಮೂತ್ರಪಿಂಡದ ತೊಂದರೆಯಿಂದಲೋ ಹೊಟ್ಟೆಯ ಹುಣ್ಣಿನಿಂದಲೋ ಬಾವಿನ ಮಾತ್ರೆ ತೆಗೆದುಕೊಳ್ಳಬಾರದವರಿಗೆ ಬ್ಲಾಕ್ ದೊಡ್ಡ ಉಪಕಾರ. ಇನ್ನು ಕೀಹೋಲ್ ಎಂದು ಆರಂಭಿಸಿದ್ದು ಒಳಗಿನ ಅಂಟುವಿಕೆಯಿಂದಲೋ ರಕ್ತಸ್ರಾವದಿಂದಲೋ ಹೊಟ್ಟೆ ಕೊಯ್ಯುವಲ್ಲಿಗೆ ಮುಟ್ಟಿದರೆ ಲೆಕ್ಕವೇ ಬದಲಾಯಿತು. ಆ ಗೇಣುದ್ದದ ಗಾಯಕ್ಕೆ ಮಾತ್ರೆ ಸಾಲದು; ಬೆನ್ನಿನ ಬ್ಲಾಕೋ ಬೆನ್ನುಹುರಿಯ ಹೊರಪೊರೆಯ ಪಕ್ಕ ಸಣ್ಣ ನಳಿಗೆ ಇಟ್ಟು ಕೊಡುವ ಎಪಿಡ್ಯೂರಲೋ ಬೇಕಾಗುತ್ತದೆ.

ಸಾಮಾನ್ಯ ರೋಗಿಗೆ ಮಾತ್ರ ಬ್ಲಾಕ್ ಪ್ರತಿಷ್ಠೆಯ ವಸ್ತುವಾಗಬಾರದು. ದೊಡ್ಡ ಆಸ್ಪತ್ರೆಯಲ್ಲಿ ಬ್ಲಾಕ್ ಕೊಟ್ಟರು, ಇಲ್ಲಿ ಕೊಡಲಿಲ್ಲ ಎಂದು ಊರಿನ ಆಸ್ಪತ್ರೆಯನ್ನು ಹಳಿಯುವುದೂ ಬೇಡ. ತೂತಿಗೆ ಚುಚ್ಚುಮದ್ದು ಕೊಟ್ಟು, ಹೊತ್ತುಹೊತ್ತಿಗೆ ಮಾತ್ರೆ ಕೊಡುವ ಸಣ್ಣ ಆಸ್ಪತ್ರೆಯು, ಬ್ಲಾಕ್ ಕೊಟ್ಟು ರಾತ್ರಿಯೆಲ್ಲ ತಿರುಗಿ ನೋಡದ ದೊಡ್ಡ ಆಸ್ಪತ್ರೆಗಿಂತ ಮೇಲು.

ಮಿಲಿಗ್ರಾಮಿನ ಎಚ್ಚರಿಕೆ

ಬ್ಲಾಕಿನಿಂದ ಹಾನಿಯೇನೂ ಇಲ್ಲವಲ್ಲ, ಎಲ್ಲರಿಗೂ ಕೊಡಲಿ ಎನ್ನುವವರಿದ್ದಾರೆ. ಪಳಗಿದ ಕೈಯಲ್ಲಿ ಅಪಾಯ ವಿರಳ, ನಿಜ. ಆದರೆ ಮರಗಟ್ಟಿಸುವ ಔಷಧಕ್ಕೊಂದು ಮಿತಿಯಿದೆ. ಹೆಚ್ಚಾಗಿ ಬಳಸುವ ಬುಪಿವಕೇನ್ ಔಷಧವು ಒಂದು ಕಿಲೋ ದೇಹತೂಕಕ್ಕೆ ಸುಮಾರು 2 ಮಿಲಿಗ್ರಾಂ ಮೀರಬಾರದು ಎಂಬುದು ರೂಢಿಯ ಲೆಕ್ಕ. 60 ಕಿಲೋ ತೂಕದವರಿಗೆ 120 ಮಿಲಿಗ್ರಾಂ. ಶೇಕಡ 0.25ರ ದ್ರಾವಣದ ಒಂದು ಮಿಲಿಲೀಟರಿನಲ್ಲಿ ಇರುವುದು 2.5 ಮಿಲಿಗ್ರಾಂ. ಎರಡೂ ಬದಿಗೆ 20 ಮಿಲಿಲೀಟರಿನಂತೆ ಬ್ಲಾಕ್ ಕೊಟ್ಟರೆ 100 ಮಿಲಿಗ್ರಾಂ ಆಯಿತು. ಅದರ ಮೇಲೆ ಶಸ್ತ್ರವೈದ್ಯರು ತೂತುಗಳಿಗೆ ಇನ್ನು 20 ಮಿಲಿಲೀಟರ್ ಚುಚ್ಚಿದರೆ ಒಟ್ಟು 150, ಮಿತಿ ದಾಟಿತು. 45 ಕಿಲೋ ತೂಕದ ಮುದುಕಿಗೆ ಮಿತಿ 90 ಮಾತ್ರ. ಆಕೆಗೆ ಆ ಬ್ಲಾಕೊಂದೇ ಅತಿಯಾಯಿತು.

ಔಷಧ ಅತಿಯಾಗಿ ರಕ್ತಕ್ಕೆ ಸೇರಿದರೆ ಬಾಯಿಯ ಸುತ್ತ ಜುಮುಗುಟ್ಟುವುದು, ಕಿವಿಯಲ್ಲಿ ಗುಂಯ್‌ಗುಟ್ಟುವುದು, ಅಪಸ್ಮಾರದಂತೆ ಸೆಳೆತ, ಕೊನೆಗೆ ಹೃದಯದ ಬಡಿತವೇ ನಿಲ್ಲುವುದು ಇವೆಲ್ಲ ಆಗಬಹುದು. ಪೂರ್ಣ ಅರಿವಳಿಕೆಯಲ್ಲಿರುವವರಿಗೆ ಮೊದಲ ಸೂಚನೆಗಳನ್ನು ಹೇಳಲಿಕ್ಕೂ ಆಗುವುದಿಲ್ಲ. ಇದಕ್ಕೆ ಪ್ರತಿಮದ್ದಿದೆ: ರಕ್ತನಾಳಕ್ಕೆ ಕೊಡುವ ಶೇಕಡ 20ರ ಕೊಬ್ಬಿನ ದ್ರಾವಣ. ಬ್ಲಾಕ್ ಕೊಡುವ ಆಸ್ಪತ್ರೆಯಲ್ಲಿ ಅದು ಕೈಗೆಟಕುವಂತೆ ಇರತಕ್ಕದ್ದು. ಅರಿವಳಿಕೆ ವೈದ್ಯರೂ ಶಸ್ತ್ರವೈದ್ಯರೂ ತಾವು ಕೊಡುವ ಮದ್ದಿನ ಲೆಕ್ಕವನ್ನು ಪರಸ್ಪರ ಹೇಳಿಕೊಳ್ಳತಕ್ಕದ್ದು. ತೂಕ ಎಷ್ಟೆಂದು ದಾಖಲಾತಿಯಲ್ಲಿ ಸರಿಯಾಗಿ ಬರೆದಿದೆಯೇ ಎಂದು ಮನೆಯವರು ನೋಡಿಕೊಂಡರೂ ಉಪಕಾರವೇ.

ನೋವಿಗೆ ಯಾವ ಭಾಷೆ?

ಇಲ್ಲಿಯವರೆಗೆ ಹೇಳಿದ್ದು ಯಾವ ಊರಿನವರಿಗೂ ಸಲ್ಲುವ ಮಾತು. ಇನ್ನು ನಮ್ಮ ಜಿಲ್ಲೆಯ ಮಾತು.

ನೋವನ್ನು ಅಳೆಯುವ ಯಂತ್ರವಿಲ್ಲ. ಜ್ವರಕ್ಕೆ ಥರ್ಮಾಮೀಟರ್ ಇದೆ, ರಕ್ತದೊತ್ತಡಕ್ಕೆ ಪಟ್ಟಿ ಇದೆ. ನೋವಿಗೆ ರೋಗಿಯ ಬಾಯಿಮಾತೇ ಗತಿ. ಬ್ಲಾಕ್‌ಗಳನ್ನು ಹೋಲಿಸಿದ ಆ ಎಲ್ಲ ಪರೀಕ್ಷೆಗಳೂ ಕೊನೆಗೆ ನಿಂತಿರುವುದು ರೋಗಿ ಹೇಳಿದ ಒಂದು ಅಂಕಿಯ ಮೇಲೆ. ಮುಂದಿನ ಮದ್ದು ಯಾವುದೆಂದು ತೀರ್ಮಾನವಾಗುವುದೂ ಅವನ ಮಾತಿನಿಂದಲೇ. ಕೊಯ್ದ ಹಾಗೆ ನೋಯುತ್ತದೆ ಎಂದರೆ ತೂತಿನ ಮದ್ದು ಇಳಿದಿದೆ ಎಂದು ಊಹಿಸಬಹುದು. ಹಿಂಡಿದ ಹಾಗೆ ಎಂದರೆ ಒಳಗಿನದು. ಹೆಗಲು ಸೆಳೆಯುತ್ತದೆ ಎಂದರೆ ಅನಿಲದ್ದು. ಇನ್ನೊಂದು ಬ್ಲಾಕ್ ಕೊಟ್ಟು ಪ್ರಯೋಜನವಿಲ್ಲ. ಹೊತ್ತು ಹೋದಂತೆ ಇಳಿಯಬೇಕಾದ ಹೊಟ್ಟೆನೋವು ಏರುತ್ತಾ ಹೋಗಿದೆ ಎಂದರೆ ಒಳಗೆ ಪಿತ್ತರಸ ಸೋರುತ್ತಿದೆಯೋ ಎಂದು ಕೂಡಲೇ ನೋಡಬೇಕು. ಈ ನಾಲ್ಕು ಮಾತುಗಳನ್ನು ನಾಲ್ಕಾಗಿಯೇ ಹೇಳಲು ಮಾತೃಭಾಷೆ ಬೇಕು. 'ವೇದನ ಉಂಡು' ಎಂಬ ಎರಡೇ ಶಬ್ದಗಳಲ್ಲಿ ಎಲ್ಲವೂ ಮುಗಿದರೆ ನಾಲ್ಕಕ್ಕೂ ಒಂದೇ ಚುಚ್ಚುಮದ್ದು ಬೀಳುತ್ತದೆ.

ಗಡಿನಾಡಿನವರಿಗೆ ಮಲಯಾಳ ಬರುತ್ತದಲ್ಲ, ಇದೇನು ದೊಡ್ಡ ಸಂಗತಿ ಎಂದು ಕೇಳುವವರುಂಟು. ಬಸ್ಸಿನಲ್ಲಿ, ಪೇಟೆಯಲ್ಲಿ ನಡೆಸಿಕೊಳ್ಳುವಷ್ಟು ನಮ್ಮಲ್ಲಿ ಅನೇಕರಿಗೆ ಬರುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಚೆನ್ನಾಗಿಯೇ ಬರುತ್ತದೆ. ಆದರೆ ಪಿತ್ತಕೋಶದ ಮಂಚದಲ್ಲಿ ಮಲಗುವವರು ಹೆಚ್ಚಾಗಿ ಮಕ್ಕಳಲ್ಲ. ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಆಡಿ, ಕನ್ನಡ ಶಾಲೆಯಲ್ಲಿ ಓದಿದ ನಡುವಯಸ್ಸಿನ, ಮುದಿವಯಸ್ಸಿನ ತಾಯಂದಿರು. ಅವರಲ್ಲಿ ಎಷ್ಟೋ ಮಂದಿಗೆ ಮಲಯಾಳ ಕೇಳಿ ಗೊತ್ತು, ಓದಿ ಗೊತ್ತಿಲ್ಲ. ಅರಿವಳಿಕೆಯ ಮಂಪರು ಇನ್ನೂ ಇಳಿಯದ ಹೊತ್ತಿನಲ್ಲಿ ಕಲಿತ ಭಾಷೆ ಹಿಂದಾಗುತ್ತದೆ, ತಾಯಿಯ ಭಾಷೆ ಮುಂದಾಗುತ್ತದೆ. ಇದರಲ್ಲಿ ದಾದಿಯರನ್ನು ದೂರುವುದೇನೂ ಇಲ್ಲ. ಅವರ ದುಡಿಮೆಗೆ ಋಣಿಗಳಾಗಿರಬೇಕಾದವರು ನಾವು. ಅವರ ಕೈಗೆ ಬೇಕಾದ ಸಾಧನ ಕೊಟ್ಟಿಲ್ಲ ಎಂಬುದೇ ದೂರು.

ಅದಕ್ಕಿಂತ ಮೊದಲಿನ ಹಂತ ಒಪ್ಪಿಗೆ ಪತ್ರದ್ದು. 2008ರ ಜನವರಿ 16ರಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದ್ದುಂಟು: ಚಿಕಿತ್ಸೆಯ ಸ್ವರೂಪ, ಉದ್ದೇಶ, ಲಾಭ, ಮುಖ್ಯ ಅಪಾಯ, ಬೇರೆ ದಾರಿಗಳು ಇವನ್ನು ರೋಗಿಗೆ ಸಾಕಷ್ಟು ತಿಳಿಸಿ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆ. ಓದಲು ಬಾರದ ಲಿಪಿಯ ಕಾಗದದ ಕೆಳಗೆ ಹಾಕಿದ ರುಜುವಿನಲ್ಲಿ ತಿಳಿದದ್ದೆಷ್ಟು? ಬ್ಲಾಕ್ ಕೊಡುತ್ತಾರೋ ಇಲ್ಲವೋ, ಕೊಟ್ಟರೆ ಯಾವುದು, ಕೀಹೋಲ್ ಸಾಗದಿದ್ದರೆ ಹೊಟ್ಟೆ ಕೊಯ್ಯುವುದಕ್ಕೂ ಇದೇ ಒಪ್ಪಿಗೆಯೋ ಎಂಬುದೆಲ್ಲ ಆ ಕಾಗದದಲ್ಲಿ ಅಡಗಿರುತ್ತದೆ.

ಭಾಷೆಯ ಹಕ್ಕು ಎಂದಾಗ ನಾವು ಶಾಲೆಯನ್ನೂ ಕಚೇರಿಯನ್ನೂ ನೆನೆಯುತ್ತೇವೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಹೋರಾಟ ಬಹುಪಾಲು ಅಲ್ಲಿಯೇ ನಡೆದಿದೆ, ನಡೆಯಬೇಕಾದದ್ದೇ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿಯೇ ಸರಕಾರದೊಡನೆ ವ್ಯವಹರಿಸಲು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಅವಕಾಶ ಮಾಡಿಕೊಡಲಾಗಿತ್ತು. ಅರ್ಜಿಗೆ ಸಲ್ಲುವ ಭಾಷೆ ನೋವಿಗೆ ಏಕೆ ಸಲ್ಲಬಾರದು? ಅರ್ಜಿಯ ಉತ್ತರ ವಾರ ತಡವಾದರೂ ನಡೆದೀತು. ನೋವಿನ ಉತ್ತರ ಗಂಟೆ ತಡವಾದರೂ ನಡೆಯದು.

ಮಂಗಳೂರಿಗೆ ಹೋದರಾಯಿತಲ್ಲ, ಅಲ್ಲಿ ಕನ್ನಡವೇ ಇದೆ ಎಂದು ಸಮಾಧಾನಪಟ್ಟುಕೊಳ್ಳುವುದೂ ಸಾಲದು. 2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಗಡಿಯ ಈಚಿನ ರೋಗಿಗಳಿಗೆ ಏನಾಯಿತು ಎಂಬುದನ್ನು ಯಾರೂ ಮರೆತಿಲ್ಲ. ಅದಲ್ಲದೆ ಎಲ್ಲರಿಗೂ ಅಷ್ಟು ದೂರದ ಖರ್ಚು ತೂಗುವುದಿಲ್ಲ. ಜಿಲ್ಲೆಯೊಳಗಿನ ಆಸ್ಪತ್ರೆಯಲ್ಲಿಯೇ, ಕನ್ನಡದ ನೆಲದಲ್ಲಿಯೇ 2013ರಲ್ಲಿ ಅಡಿಗಲ್ಲು ಬಿದ್ದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನಲ್ಲಿಯೇ ನಮ್ಮ ಮಾತು ನಡೆಯಬೇಕು.

ಆಗಬೇಕಾದದ್ದೇನು?

ಬೇಡಿಕೆ ದೊಡ್ಡದಲ್ಲ. ಜಿಲ್ಲೆಯ ಸರಕಾರಿ, ಖಾಸಗಿ ಆಸ್ಪತ್ರೆಗಳೆಲ್ಲ ಒಂದೇ ಒಂದು ಹಾಳೆಯನ್ನು ಕನ್ನಡದಲ್ಲಿ ಅಚ್ಚು ಮಾಡಿಸಲಿ. ಅದರಲ್ಲಿ ಸೊನ್ನೆಯಿಂದ ಹತ್ತರವರೆಗಿನ ಅಳತೆ, ನಗುಮುಖದಿಂದ ಅಳುಮುಖದವರೆಗಿನ ಚಿತ್ರಗಳು, ಕೊಯ್ದ ಹಾಗೆ, ಹಿಂಡಿದ ಹಾಗೆ, ಉರಿದ ಹಾಗೆ, ಹೆಗಲು ಸೆಳೆದ ಹಾಗೆ ಎಂಬ ಮಾತುಗಳು, ಪಕ್ಕದಲ್ಲಿ ಅವುಗಳ ಮಲಯಾಳ. ರೋಗಿ ಬೆರಳಿಟ್ಟು ತೋರಿಸಿದರೆ ದಾದಿಗೆ ತಿಳಿಯುತ್ತದೆ. ಒಪ್ಪಿಗೆ ಪತ್ರವೂ ಕನ್ನಡದಲ್ಲಿ ಇರಲಿ. ನಮ್ಮ ಸಂಘಟನೆಗಳು, ಗ್ರಂಥಾಲಯಗಳು, ಕನ್ನಡ ಅಧ್ಯಾಪಕರು ಭಾಷಾಂತರದ ಕೆಲಸವನ್ನು ಉಚಿತವಾಗಿಯೇ ಮಾಡಿಕೊಟ್ಟಾರು. ಪಂಚಾಯತುಗಳು ಒಂದು ನಿರ್ಣಯ ಮಾಡಿ ಕಳುಹಿಸಿದರೆ ಆಸ್ಪತ್ರೆಗಳು ಇಲ್ಲ ಎನ್ನಲಿಕ್ಕೆ ಕಾರಣವಿಲ್ಲ.

ಮನೆಯವರೂ ಮಾಡಬೇಕಾದದ್ದಿದೆ. ಶಸ್ತ್ರಕ್ರಿಯೆಯ ಮುನ್ನಾದಿನ ಅರಿವಳಿಕೆ ವೈದ್ಯರು ಬಂದಾಗ ಸುಮ್ಮನೆ ತಲೆಯಾಡಿಸಬಾರದು. ನೋವಿಗೆ ಏನು ಕೊಡುತ್ತೀರಿ ಎಂದು ಕೇಳಬೇಕು. ತೂತಿಗೆ ಚುಚ್ಚುಮದ್ದು ಉಂಟೋ, ಬ್ಲಾಕ್ ಇವರಿಗೆ ಬೇಕೋ, ಏಕೆ ಎಂದು ಕೇಳಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಉಬ್ಬಸ, ರಕ್ತ ತೆಳು ಮಾಡುವ ಮಾತ್ರೆ, ಹಿಂದೆ ಯಾವುದಾದರೂ ಮದ್ದು ಒಗ್ಗದಿದ್ದದ್ದು ಇವನ್ನೆಲ್ಲ ಮುಚ್ಚಿಡದೆ ಹೇಳಬೇಕು.

ಇನ್ನೊಂದು ಮಾತು ಮುಖ್ಯ. ಒಮ್ಮೆ ಕೊಟ್ಟ ಬ್ಲಾಕ್ ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ನಿಲ್ಲುತ್ತದೆ. ಬೆಳಿಗ್ಗೆ ಕೊಟ್ಟದ್ದು ಸಂಜೆಗೋ ರಾತ್ರಿಗೋ ಇಳಿಯುತ್ತದೆ. ಆಗ ನೋವು ಒಮ್ಮೆಲೇ ಬಂದಂತೆ ತೋರುತ್ತದೆ. ನೋವಿಲ್ಲವಲ್ಲ ಎಂದು ಮಾತ್ರೆ ಬಿಡದೆ, ವೈದ್ಯರು ಹೇಳಿದ ಹೊತ್ತಿಗೆ ತೆಗೆದುಕೊಂಡಿರಬೇಕು. ಬೇಗ ಮನೆಗೆ ಕಳುಹಿಸಿದವರಿಗೆ ಬಸ್ಸಿನಲ್ಲೋ ಜೀಪಿನಲ್ಲೋ ನೋವು ಮರಳದಿರಲು ಇದೇ ಉಪಾಯ. ಮನೆಗೆ ಬಂದ ಮೇಲೆ ಜ್ವರ, ಹೊಟ್ಟೆ ಉಬ್ಬರ, ಕಣ್ಣು ಹಳದಿಯಾಗುವುದು, ದಿನದಿಂದ ದಿನಕ್ಕೆ ಏರುವ ನೋವು ಕಂಡರೆ ಕಷಾಯ ಕುಡಿದು ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಟ್ಯಾಪ್ ಮೇಲೋ ಇರೆಕ್ಟರ್ ಸ್ಪೈನೇ ಮೇಲೋ ಎಂಬ ವಾದ ಇನ್ನೂ ಕೆಲವು ವರ್ಷ ನಡೆಯುತ್ತದೆ, ನಡೆಯಲಿ. ಅಂತರ ಅರ್ಧ ಅಂಕಿಯದೋ ಒಂದು ಅಂಕಿಯದೋ ಎಂದು ತಜ್ಞರು ಲೆಕ್ಕ ಹಾಕಲಿ. ಆದರೆ ಆ ಅಂಕಿಯನ್ನು ಹೇಳಬೇಕಾದವಳು ನಮ್ಮ ತಾಯಿ, ನಮ್ಮ ಅತ್ತೆ, ನಮ್ಮ ಅಕ್ಕ. ಅವಳನ್ನು ಅವಳ ಮಾತಿನಲ್ಲಿ ಕೇಳುವ ಏರ್ಪಾಡು ಜಿಲ್ಲೆಯ ಪ್ರತಿಯೊಂದು ವಾರ್ಡಿನಲ್ಲಿಯೂ ಮೊದಲು ಆಗಲಿ.